ಡಿಗ್ರಿ ಇದ್ದರೆ ಸಾಕೇ? ಆಸ್ಪತ್ರೆ ವೈದ್ಯರ ಅರ್ಹತೆ, ಅನುಮತಿ, ಮುಂದಾಳತ್ವ: ತಪ್ಪು ಕಲ್ಪನೆ ಮತ್ತು ವಾಸ್ತವ

ಆಪರೇಷನ್‌ಗೆ ಮುನ್ನ ರೋಗಿಯ ಕಡೆಯವರು ಹತ್ತಾರು ವಿಷಯ ವಿಚಾರಿಸುತ್ತಾರೆ. ಖರ್ಚೆಷ್ಟು, ಎಷ್ಟು ದಿನ ಅಡ್ಮಿಟ್ ಆಗಬೇಕು, ಇನ್ಶೂರೆನ್ಸ್ ಸಿಗುತ್ತದೆಯೇ, ರಕ್ತ ಯಾರು ಕೊಡಬೇಕು. ಇದೇ ಆಪರೇಷನ್ನನ್ನು ಇದೇ ಆಸ್ಪತ್ರೆಯಲ್ಲಿ ಮಾಡಲು ಈ ವೈದ್ಯರಿಗೆ ಅನುಮತಿ ಕೊಟ್ಟವರು ಯಾರು, ಏನನ್ನು ನೋಡಿ ಕೊಟ್ಟರು ಎಂದು ಕೇಳುವವರು ತೀರಾ ಅಪರೂಪ. ಹಾಗೊಂದು ಅನುಮತಿ ಇರಬೇಕು ಎಂಬುದೇ ಬಹಳ ಜನರಿಗೆ ತಿಳಿದಿಲ್ಲ.

ಇಲ್ಲಿರುವುದು ಎರಡು ಬೇರೆ ಬೇರೆ ಕೆಲಸ. ಒಂದು, ಕ್ರೆಡೆನ್ಶಿಯಲಿಂಗ್: ವೈದ್ಯರು ಹೇಳಿಕೊಂಡಿರುವ ಪದವಿ, ನೋಂದಣಿ, ತರಬೇತಿ, ಹಿಂದಿನ ಕೆಲಸ, ಎದುರಿಸಿದ ಶಿಸ್ತುಕ್ರಮ ಇವೆಲ್ಲವನ್ನೂ ಮೂಲದಲ್ಲೇ ವಿಚಾರಿಸಿ ಖಚಿತಪಡಿಸಿಕೊಳ್ಳುವುದು. ಇನ್ನೊಂದು, ಪ್ರಿವಿಲೇಜಿಂಗ್: ಆ ವೈದ್ಯರು ಈ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಯನ್ನು ಸ್ವತಂತ್ರವಾಗಿ ಮಾಡಬಹುದು, ಯಾವುದನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು ಎಂದು ಸಹವೈದ್ಯರ ಸಮಿತಿ ಪಟ್ಟಿ ಮಾಡಿ ಬರೆದುಕೊಡುವುದು. ಎರಡೂ ಸರಿಯಾಗಿ ನಡೆಯುವಂತೆ ನೋಡಿಕೊಳ್ಳಬೇಕಾದವರು ಮೆಡಿಕಲ್ ಡೈರೆಕ್ಟರ್, ಮೆಡಿಕಲ್ ಸೂಪರಿಂಟೆಂಡೆಂಟ್, ವಿಭಾಗದ ಮುಖ್ಯಸ್ಥರು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರು. ಈ ವಿಷಯದಲ್ಲಿ ಬೇರೂರಿರುವ ಕೆಲವು ನಂಬಿಕೆಗಳು ಜೀವಗಳಿಗೇ ಎರವಾಗಿವೆ.

ತಪ್ಪು ಕಲ್ಪನೆ: ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಿದ್ದರೆ ಎಲ್ಲ ಪರಿಶೀಲನೆಯೂ ಮುಗಿದಂತೆ.

ನೋಂದಣಿ ಹೇಳುವುದು ಇಷ್ಟೇ: ಈ ವ್ಯಕ್ತಿ ಮಾನ್ಯತೆ ಪಡೆದ ಪದವಿ ಪಡೆದಿದ್ದಾರೆ, ವೈದ್ಯವೃತ್ತಿ ನಡೆಸಲು ಕಾನೂನಿನ ಅಡ್ಡಿಯಿಲ್ಲ. ಕಳೆದ ಐದು ವರ್ಷ ಅವರು ಎಲ್ಲಿ ಕೆಲಸ ಮಾಡಿದರು, ಅಲ್ಲಿಂದ ಏಕೆ ಬಿಟ್ಟರು, ಅವರ ರೋಗಿಗಳು ಹೇಗಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಎದುರಿಗೆ ಕೂತ ವ್ಯಕ್ತಿಯೇ ಆ ನೋಂದಣಿ ಸಂಖ್ಯೆಯ ಒಡೆಯರೇ ಎಂಬುದನ್ನೂ ಹೇಳುವುದಿಲ್ಲ.

ಈ ಕೊನೆಯ ಮಾತು ಅತಿಶಯವಲ್ಲ. 2025ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ದಮೋಹ್‌ನ ಖಾಸಗಿ ಆಸ್ಪತ್ರೆಯೊಂದರ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಬ್ರಿಟನ್ನಿನ ಹೆಸರಾಂತ ಹೃದ್ರೋಗ ತಜ್ಞರೊಬ್ಬರ ಹೆಸರು ಹೊತ್ತ ವ್ಯಕ್ತಿಯೊಬ್ಬ ಅಲ್ಲಿ ಹೃದಯದ ಚಿಕಿತ್ಸೆ ನಡೆಸಿದ, ಹಲವು ರೋಗಿಗಳು ಸತ್ತರು ಎಂಬ ಆರೋಪದ ಮೇಲೆ ಆತನ ಬಂಧನವಾಯಿತು. ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ನೇಮಕಾತಿ ಏಜೆನ್ಸಿ ಕಳಿಸಿದ ಕಾಗದಗಳನ್ನು ನಂಬಿ ಕ್ಯಾಥ್ ಲ್ಯಾಬಿನ ಬಾಗಿಲು ತೆರೆಯಬಾರದೆಂದು ತಿಳಿಯಲು ತೀರ್ಪು ಬರಬೇಕಿಲ್ಲ. ಪರಿಶೀಲನೆಯೆಂದರೆ ಜೆರಾಕ್ಸ್ ಪ್ರತಿಯ ಮೇಲೆ ಠಸ್ಸೆ ಒತ್ತುವುದಲ್ಲ. ವಿಶ್ವವಿದ್ಯಾಲಯಕ್ಕೆ, ರಾಜ್ಯ ವೈದ್ಯಕೀಯ ಪರಿಷತ್ತಿಗೆ, ಹಿಂದಿನ ಆಸ್ಪತ್ರೆಗೆ ಆಸ್ಪತ್ರೆಯೇ ನೇರವಾಗಿ ಬರೆದು, ಉತ್ತರವನ್ನು ನೇರವಾಗಿಯೇ ಪಡೆಯುವುದು. ಅಭ್ಯರ್ಥಿಯ ಕೈಯಿಂದ ಬಂದ ಲಕೋಟೆ ಇಲ್ಲಿ ಲೆಕ್ಕಕ್ಕಿಲ್ಲ.

ತಪ್ಪು ಕಲ್ಪನೆ: ವಿದೇಶದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಬಂದವರನ್ನು ಪರೀಕ್ಷಿಸುವುದು ಅವರಿಗೆ ಅವಮಾನ.

ಈ ಸಂಕೋಚದ ಬೆಲೆ ಏನೆಂದು ಆಸ್ಟ್ರೇಲಿಯಾದ ಬಂಡಬರ್ಗ್ ಪಟ್ಟಣವನ್ನು ಕೇಳಬೇಕು. ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆ ಊರಿನ ಸರ್ಕಾರಿ ಆಸ್ಪತ್ರೆಗೆ 2003ರಲ್ಲಿ ಜಯಂತ್ ಪಟೇಲ್ ಎಂಬ ಶಸ್ತ್ರವೈದ್ಯರು ಸೇರಿದರು. ಗುಜರಾತಿನಲ್ಲಿ ಓದಿ, ಅಮೆರಿಕದಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ಸಣ್ಣ ಊರಿಗೆ ಸರ್ಜನ್ ಸಿಗುವುದೇ ಕಷ್ಟವಾಗಿದ್ದ ಕಾಲ. ಬಂದ ಹೊಸತರಲ್ಲೇ ಅವರನ್ನು ಶಸ್ತ್ರಚಿಕಿತ್ಸಾ ವಿಭಾಗದ ನಿರ್ದೇಶಕರನ್ನಾಗಿ ಮಾಡಲಾಯಿತು.

ಅವರ ಹಿಂದಿನ ಕಥೆ ಬಂಡಬರ್ಗ್‌ಗೆ ತಿಳಿದಿರಲಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ವೈದ್ಯಕೀಯ ಮಂಡಳಿ 2000ದಲ್ಲಿ ಅವರ ಮೇಲೆ ನಿರ್ಬಂಧ ಹೇರಿತ್ತು. ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ, ಜಟಿಲ ಪ್ರಕರಣಗಳಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಮುಂದುವರಿಯುವಂತಿಲ್ಲ ಎಂದು. ಮರುವರ್ಷ ನ್ಯೂಯಾರ್ಕ್‌ನ ಲೈಸೆನ್ಸನ್ನು ಅವರು ಒಪ್ಪಿಸಬೇಕಾಯಿತು. ಕ್ವೀನ್ಸ್‌ಲ್ಯಾಂಡ್ ಮಂಡಳಿಗೆ ಬಂದ ಒರೆಗಾನ್ ಪ್ರಮಾಣಪತ್ರದಲ್ಲಿ ಇವರ ಬಗ್ಗೆ ಒಂದು ಬಹಿರಂಗ ಆದೇಶವಿದೆ ಎಂಬ ಸೂಚನೆಯಿತ್ತು. ಆದರೆ ಆ ಆದೇಶದ ಪ್ರತಿ ಲಗತ್ತಾಗಿರಲಿಲ್ಲ. ಎಲ್ಲಿದೆ ಆ ಪ್ರತಿ ಎಂದು ಯಾರೂ ಕೇಳಲಿಲ್ಲ.

ಅಲ್ಲಿ ತಪ್ಪಿದ್ದನ್ನು ಆಸ್ಪತ್ರೆಯಲ್ಲಿ ಹಿಡಿಯಬಹುದಿತ್ತು. ಪ್ರತಿ ವೈದ್ಯರ ಅರ್ಹತೆಯನ್ನೂ ಅನುಮತಿಯ ವ್ಯಾಪ್ತಿಯನ್ನೂ ಸಹವೈದ್ಯರ ಸಮಿತಿ ನಿರ್ಧರಿಸಬೇಕೆಂಬ ನಿಯಮ ಕಾಗದದ ಮೇಲೆ ಇತ್ತು. ಪಟೇಲ್ ಅಂಥ ಸಮಿತಿಯ ಮುಂದೆ ಒಮ್ಮೆಯೂ ಬರಲಿಲ್ಲ. ಹಾಗಿದ್ದೂ ಅನ್ನನಾಳವನ್ನು ತೆಗೆಯುವಂಥ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಅಲ್ಲಿ ಆರಂಭಿಸಿದರು. ಅದಾದ ಮೇಲೆ ರೋಗಿ ದಿನಗಟ್ಟಲೆ ವೆಂಟಿಲೇಟರ್ ಮೇಲೆ ಇರಬೇಕಾಗಬಹುದು. ಆ ಐಸಿಯು ಒಂದೆರಡು ದಿನಕ್ಕಿಂತ ಹೆಚ್ಚು ಅಂಥ ಆರೈಕೆ ನಡೆಸಲು ಸಜ್ಜಾಗಿರಲಿಲ್ಲ. ಇದನ್ನು ಮೊದಲು ಹೇಳಿದವರು ಐಸಿಯುವಿನ ಹಿರಿಯ ನರ್ಸ್ ಟೋನಿ ಹಾಫ್‌ಮನ್. 2003ರಿಂದಲೇ ಆಡಳಿತಕ್ಕೆ ಹೇಳುತ್ತ ಬಂದರು. ಪ್ರಯೋಜನವಾಗದೆ ಕಡೆಗೆ ಸ್ಥಳೀಯ ಶಾಸಕರ ಬಳಿ ಹೋದರು. 2005ರ ಮಾರ್ಚ್‌ನಲ್ಲಿ ವಿಷಯ ಶಾಸನಸಭೆಯಲ್ಲಿ ಸ್ಫೋಟಿಸಿತು. ಅಮೆರಿಕದ ನಿರ್ಬಂಧಗಳನ್ನು ಬಯಲಿಗೆಳೆದದ್ದು ಯಾವ ಸಮಿತಿಯೂ ಅಲ್ಲ, ಇಂಟರ್‌ನೆಟ್‌ನಲ್ಲಿ ಅವರ ಹೆಸರು ಹುಡುಕಿದ ಒಬ್ಬ ಪತ್ರಕರ್ತ.

ನ್ಯಾಯದ ದೃಷ್ಟಿಯಿಂದ ಮುಂದಿನದನ್ನೂ ಹೇಳಬೇಕು. 2010ರಲ್ಲಿ ಮೂವರ ಸಾವಿಗೆ ಕಾರಣರೆಂದು ಅವರಿಗೆ ಶಿಕ್ಷೆಯಾಯಿತು. 2012ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. 2013ರಲ್ಲಿ ಅವರು ಒಪ್ಪಿಕೊಂಡದ್ದು ವಂಚನೆಯ ಆರೋಪಗಳನ್ನು: ಹಿಂದಿನ ನಿರ್ಬಂಧಗಳನ್ನು ಮುಚ್ಚಿಟ್ಟು ನೋಂದಣಿ ಮತ್ತು ಉದ್ಯೋಗ ಪಡೆದದ್ದು. ಎಂಟು ವರ್ಷಗಳ ತನಿಖೆ, ವಿಚಾರಣೆ, ಮೇಲ್ಮನವಿಗಳ ಕೊನೆಗೆ ಉಳಿದದ್ದು ಕೆಲಸಕ್ಕೆ ಸೇರುವ ದಿನವೇ ಕೇಳಬೇಕಿದ್ದ ಪ್ರಶ್ನೆ.

ತಪ್ಪು ಕಲ್ಪನೆ: ಸರ್ಜನ್ ಎಂದಮೇಲೆ ಎಲ್ಲ ಆಪರೇಷನ್ನೂ ಮಾಡಬಹುದು, ಒಂದೊಂದಕ್ಕೂ ಅನುಮತಿ ಎನ್ನುವುದು ಕಾರ್ಪೊರೇಟ್ ಆಸ್ಪತ್ರೆಗಳು ವಿದೇಶದಿಂದ ತಂದ ಆಡಂಬರ.

ಎಂ.ಎಸ್. ಪದವಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ಬುನಾದಿ ಕೊಡುತ್ತದೆ. ಅದನ್ನು ಮುಗಿಸಿದ ಇಬ್ಬರಲ್ಲಿ ಒಬ್ಬರು ದಿನವೂ ಲ್ಯಾಪರೊಸ್ಕೋಪಿ ಮಾಡಿ ಪಳಗಿರಬಹುದು, ಇನ್ನೊಬ್ಬರು ತರಬೇತಿಯಲ್ಲಿ ನೋಡಿದ್ದು ಬಿಟ್ಟರೆ ಅದನ್ನು ಮುಟ್ಟಿಯೇ ಇಲ್ಲದಿರಬಹುದು. ಪದವಿ ಪ್ರಮಾಣಪತ್ರ ಇಬ್ಬರದೂ ಒಂದೇ. ಬಂಡಬರ್ಗ್ ಕಲಿಸುವ ಇನ್ನೊಂದು ವಿಷಯ, ಅನುಮತಿ ವೈದ್ಯರ ಕೈಚಳಕವನ್ನಷ್ಟೇ ನೋಡಿ ಕೊಡುವಂಥದ್ದಲ್ಲ. ಅರಿವಳಿಕೆ ತಜ್ಞರಿದ್ದಾರೆಯೇ, ರಾತ್ರಿ ರಕ್ತ ಸಿಗುತ್ತದೆಯೇ, ಐಸಿಯು ತಾಳುತ್ತದೆಯೇ ಎಂಬುದನ್ನೂ ಕೂಡಿಸಿ ನೋಡಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರು ಸಲೀಸಾಗಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಅವರೇ ವಾರಾಂತ್ಯಕ್ಕೆ ಸಣ್ಣ ಊರಿನ ನರ್ಸಿಂಗ್ ಹೋಮ್‌ಗೆ ಬಂದು ಮಾಡುವುದು ಸರಿಯಲ್ಲದಿರಬಹುದು. ಸರ್ಜನ್ ಭಾನುವಾರ ಸಂಜೆ ಬಸ್ಸು ಹತ್ತುತ್ತಾರೆ. ಸೋಮವಾರ ರಾತ್ರಿ ರಕ್ತಸ್ರಾವವಾದರೆ ಅಲ್ಲಿರುವವರು ಡ್ಯೂಟಿ ಡಾಕ್ಟರ್ ಮಾತ್ರ.

ಇದು ಪರದೇಶದ ಆಮದು ಎಂಬ ಮಾತೂ ನಿಲ್ಲುವುದಿಲ್ಲ. ನಮ್ಮ ಕಾನೂನಿನಲ್ಲೇ ಇದೆ. ಗರ್ಭಪಾತ ಕಾಯ್ದೆಯಡಿ 2003ರಲ್ಲಿ ಬಂದ ನಿಯಮಗಳು, 12 ವಾರದೊಳಗಿನ ಗರ್ಭಪಾತ ನಡೆಸಲು ಬರೀ ಎಂಬಿಬಿಎಸ್ ಇರುವ ವೈದ್ಯರು ಅನುಮೋದಿತ ಆಸ್ಪತ್ರೆಯಲ್ಲಿ 25 ಪ್ರಕರಣಗಳಲ್ಲಿ ನೆರವಾಗಿರಬೇಕು, ಅದರಲ್ಲಿ ಕನಿಷ್ಠ 5ನ್ನು ಸ್ವತಂತ್ರವಾಗಿ ಮಾಡಿರಬೇಕು ಎಂದವು. ಗರ್ಭಿಣಿಯರ ಸ್ಕ್ಯಾನಿಂಗ್ ಮಾಡುವ ಎಂಬಿಬಿಎಸ್ ವೈದ್ಯರಿಗೆ 2014ರಲ್ಲಿ ಆರು ತಿಂಗಳ ತರಬೇತಿ ಗೊತ್ತುಮಾಡಲಾಯಿತು. ಅಂಗಾಂಗ ಕಸಿಯಂತೂ 1994ರ ಕಾಯ್ದೆಯಡಿ ನೋಂದಾಯಿತ ಆಸ್ಪತ್ರೆಯಲ್ಲಿ ಮಾತ್ರ. ಇವೆಲ್ಲ ಒಂದೊಂದು ಚಿಕಿತ್ಸೆಗೂ ಪ್ರತ್ಯೇಕ ಅರ್ಹತೆ ಕೇಳುವ ವ್ಯವಸ್ಥೆಗಳೇ. 2005ರಲ್ಲಿ ಆರಂಭವಾದ ನಮ್ಮ ರಾಷ್ಟ್ರೀಯ ಆಸ್ಪತ್ರೆ ಮಾನ್ಯತಾ ಮಂಡಳಿ, ಎಂದರೆ ಎನ್‌ಎಬಿಎಚ್, ಇದನ್ನು ಎಲ್ಲ ಚಿಕಿತ್ಸೆಗಳಿಗೂ ವಿಸ್ತರಿಸಿ ತನ್ನ ಮಾನದಂಡಗಳಲ್ಲಿ ಸೇರಿಸಿದೆ. ವೈದ್ಯರ ಜೊತೆಗೆ ನರ್ಸ್‌ಗಳಿಗೂ ಅನ್ವಯಿಸಿದೆ. ಆದರೆ ಆ ಮಾನ್ಯತೆ ಪಡೆಯುವುದು ಆಸ್ಪತ್ರೆಯ ಇಚ್ಛೆಗೆ ಬಿಟ್ಟದ್ದು. ಪಡೆದ ಕಡೆಯೂ ಅನುಮತಿ ಪಟ್ಟಿ ತಪಾಸಣೆಯ ವಾರ ಹೊರಬರುವ ಫೈಲಾಗಿ ಉಳಿದರೆ ಫಲವಿಲ್ಲ. ಅದು ಓಟಿ ಉಸ್ತುವಾರಿ ಸಿಸ್ಟರ್ ಕೈಯಲ್ಲಿರಬೇಕು. ಪಟ್ಟಿಯಲ್ಲಿಲ್ಲದ ಆಪರೇಷನ್ ಬುಕ್ ಆದಾಗ 'ಸರ್, ಇದು ನಿಮ್ಮ ಲಿಸ್ಟ್‌ನಲ್ಲಿಲ್ಲ' ಎಂದು ಆಕೆ ಹೇಳುವಂತಿರಬೇಕು. ಹೇಳಿದ್ದಕ್ಕೆ ಆಕೆಯ ಡ್ಯೂಟಿ ಬದಲಾಗದಂತೆ ಮೆಡಿಕಲ್ ಸೂಪರಿಂಟೆಂಡೆಂಟ್ ಬೆನ್ನಿಗೆ ನಿಲ್ಲಬೇಕು.

ತಪ್ಪು ಕಲ್ಪನೆ: ಸಾವಿರಾರು ಆಪರೇಷನ್ ಮಾಡಿದ ಕೈಗೆ ಯಾವ ಪರಿಶೀಲನೆ?

2014ರ ನವೆಂಬರ್ 8ರಂದು ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಶಿಬಿರದಲ್ಲಿ 83 ಮಹಿಳೆಯರಿಗೆ ಕೆಲವೇ ಗಂಟೆಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂದು ಸರ್ಕಾರದ್ದೇ ಮಾರ್ಗಸೂಚಿ ಇತ್ತು. ಆ ದಿನಗಳಲ್ಲಿ ಜಿಲ್ಲೆಯ ಶಿಬಿರಗಳಲ್ಲಿ ಆಪರೇಷನ್ ಆದ 13 ಮಹಿಳೆಯರು ಸತ್ತರು. ಸೋಂಕೇ, ಕಲಬೆರಕೆ ಮಾತ್ರೆಯೇ ಎಂಬ ವಾದ ಬಹಳ ಕಾಲ ನಡೆಯಿತು. ನನ್ನನ್ನು ಕಾಡುವುದು ಬೇರೆ ಸಂಗತಿ. ಆ ಸರ್ಜನ್ ಅನನುಭವಿಯಲ್ಲ. ಅಪಾರ ಸಂಖ್ಯೆಯಲ್ಲಿ ಇದೇ ಶಸ್ತ್ರಚಿಕಿತ್ಸೆ ಮಾಡಿದ್ದಕ್ಕಾಗಿ ಅದೇ ವರ್ಷ ಸರ್ಕಾರದಿಂದಲೇ ಸನ್ಮಾನ ಪಡೆದಿದ್ದವರು. ಎಣಿಕೆಗೆ ಹಾರ ಹಾಕಿದ ವ್ಯವಸ್ಥೆ ಫಲಿತಾಂಶವನ್ನು ನೋಡುವುದನ್ನು ಬಿಟ್ಟಿತ್ತು. ಸಂತಾನಹರಣಕ್ಕೆ ಅರ್ಹ ವೈದ್ಯರ ಪಟ್ಟಿಯನ್ನು ಪ್ರತಿ ರಾಜ್ಯವೂ ಇಡಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ರಮಾಕಾಂತ್ ರೈ ಪ್ರಕರಣದಲ್ಲಿ ಆದೇಶಿಸಿತ್ತು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿ, ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಬೇಕೆಂದಿತು.

ಅನುಮತಿ ಒಮ್ಮೆ ಕೊಟ್ಟು ಮರೆಯುವಂಥದ್ದಲ್ಲ. ಎಷ್ಟು ಮಾಡಿದರು ಎಂಬುದರ ಜೊತೆಗೆ ಎಷ್ಟು ಜನರಿಗೆ ಸೋಂಕಾಯಿತು, ಎಷ್ಟು ಜನ ಮರಳಿ ಥಿಯೇಟರ್‌ಗೆ ಬಂದರು ಎಂದು ನೋಡಿ ಗೊತ್ತಾದ ಅವಧಿಗೊಮ್ಮೆ ನವೀಕರಿಸಬೇಕು. ಐದು ವರ್ಷಕ್ಕೆ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣ ಪಡೆಯಬೇಕೆನ್ನುವ 2002ರ ವೃತ್ತಿ ನಿಯಮಾವಳಿ ಒಳ್ಳೆಯದೇ. ಆದರೆ ಸಮ್ಮೇಳನದ ಹಾಜರಿ ಕೈಯ ಗುಣಮಟ್ಟಕ್ಕೆ ಸಾಕ್ಷಿಯಾಗುವುದಿಲ್ಲ.

ತಪ್ಪು ಕಲ್ಪನೆ: ವಿಸಿಟಿಂಗ್ ಡಾಕ್ಟರ್ ತಪ್ಪು ಮಾಡಿದರೆ ಆಸ್ಪತ್ರೆಗೆ ಸಂಬಂಧವಿಲ್ಲ.

ಸಂಬಂಧವಿದೆ. ಸವಿತಾ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಇತ್ಯರ್ಥಗೊಳಿಸಿತು. ವೈದ್ಯರು ಕಾಯಂ ನೌಕರರಾಗಿರಲಿ, ಕರೆದಾಗ ಬರುವವರಾಗಿರಲಿ, ರೋಗಿ ಬಂದದ್ದು ಆಸ್ಪತ್ರೆಯನ್ನು ನಂಬಿ, ಹೊಣೆ ಆಸ್ಪತ್ರೆಯದು. ಯಾವ ವೈದ್ಯರ ತಪ್ಪು ಎಂದು ಹುಡುಕಿ ಹೆಸರಿಸುವ ಭಾರವನ್ನು ಸತ್ತವರ ಮನೆಯವರ ಮೇಲೆ ಹೊರಿಸುವಂತಿಲ್ಲ. ಹೊರಗಿನಿಂದ ಬರುವವರ ಫೈಲು ಒಳಗಿನವರದ್ದಕ್ಕಿಂತ ದಪ್ಪವಾಗಿರಬೇಕೆಂದೇ ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಇಂಥ ಕಟ್ಟುಪಾಡು ಹಳ್ಳಿಯ ಕಡೆಗೆ ಆಗಿಬರುವುದಿಲ್ಲ. ಜೀವ ಹೋಗುವಾಗ ಪಟ್ಟಿ ನೋಡುತ್ತ ಕೂರಲಾಗುತ್ತದೆಯೇ?

ಈ ಆಕ್ಷೇಪಕ್ಕೆ ನಿಜವಾದ ತೂಕವಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನಡುರಾತ್ರಿ ಹೆರಿಗೆ ಕಟ್ಟಿದಾಗ ಇದ್ದ ವೈದ್ಯರು ಕೈಲಾದದ್ದನ್ನು ಮಾಡಲೇಬೇಕು. ತುರ್ತು ಸ್ಥಿತಿಯಲ್ಲಿ ಜೀವ ಉಳಿಸುವುದೇ ಮೊದಲ ಕರ್ತವ್ಯವೆಂದು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯ ಪ್ರಿವಿಲೇಜ್ ನಿಯಮಾವಳಿಗಳು ತುರ್ತಿಗೆಂದೇ ಪ್ರತ್ಯೇಕ ಅವಕಾಶ ಇಟ್ಟಿರುತ್ತವೆ. ಬೇಡವೆನ್ನುವುದು ಇಷ್ಟನ್ನೇ: ಮುಂದಿನ ವಾರಕ್ಕೆ ದಿನ ಗೊತ್ತುಮಾಡಿದ ಆಪರೇಷನ್ನಿಗೂ 'ತುರ್ತು' ಎಂಬ ಹೆಸರಿಡುವುದು.

ಅಲ್ಲದೆ ಅನುಮತಿಯ ವ್ಯವಸ್ಥೆ ಬಾಗಿಲು ಮುಚ್ಚುವುದಕ್ಕೆ ಮಾತ್ರ ಇರುವುದಲ್ಲ, ತೆರೆಯುವುದಕ್ಕೂ ಇದೆ. ಅರಿವಳಿಕೆ ತಜ್ಞರಿಲ್ಲದೆ ಸಿಸೇರಿಯನ್ ನಿಂತುಹೋಗುತ್ತಿದ್ದ ಆಸ್ಪತ್ರೆಗಳಿಗಾಗಿ ನಮ್ಮ ದೇಶದಲ್ಲಿ ಎಂಬಿಬಿಎಸ್ ವೈದ್ಯರಿಗೆ ಜೀವರಕ್ಷಕ ಅರಿವಳಿಕೆಯ ಕೆಲವು ತಿಂಗಳ ತರಬೇತಿ ಕೊಡುವ ಯೋಜನೆ ಬಂತು. ತುರ್ತು ಪ್ರಸೂತಿ ಚಿಕಿತ್ಸೆಗೂ ಹಾಗೆಯೇ. ಅವರು ಎಲ್ಲ ಬಗೆಯ ಅರಿವಳಿಕೆ ಕೊಡುವ ತಜ್ಞರಾಗಲಿಲ್ಲ. ಕಲಿತಷ್ಟನ್ನು, ಕಲಿತ ಸಂದರ್ಭಕ್ಕೆ ಮಾತ್ರ ಮಾಡಲು ಅಧಿಕಾರ ಪಡೆದರು. ತಜ್ಞರ ಕೊರತೆಯಿರುವ ನಾಡಿಗೆ ಬೇಕಾದದ್ದು ಇದೇ. ಏನು ಮಾಡಬಲ್ಲೆ, ಎಲ್ಲಿ ನಿಲ್ಲಿಸಿ ಆಂಬುಲೆನ್ಸ್ ಕರೆಯಬೇಕು ಎಂಬ ಗೆರೆ ಬರಹದಲ್ಲಿದ್ದರೆ ಯುವ ವೈದ್ಯರಿಗೂ ಧೈರ್ಯ.

ತಪ್ಪು ಕಲ್ಪನೆ: ಊರಿಗೇ ಹೆಸರಾದ ಸರ್ಜನ್ ಅಥವಾ ಎಲ್ಲರಿಗಿಂತ ಹಿರಿಯರು ಮೆಡಿಕಲ್ ಡೈರೆಕ್ಟರ್ ಆದರೆ ಆಸ್ಪತ್ರೆ ತಾನಾಗಿ ಸರಿಹೋಗುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ರಾಯಲ್ ಇನ್ಫರ್ಮರಿಯಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಹಿರಿಯ ಸರ್ಜನ್ ಜೇಮ್ಸ್ ವಿಶಾರ್ಟ್, ಆಸ್ಪತ್ರೆಯ ಮೆಡಿಕಲ್ ಡೈರೆಕ್ಟರ್ ಕೂಡ ಆದರು. ಮುಖ್ಯ ಕಾರ್ಯನಿರ್ವಾಹಕ ಜಾನ್ ರಾಯ್ಲೆನ್ಸ್ ಕೂಡ ವೈದ್ಯರೇ. 1988ರಲ್ಲಿ ಅಲ್ಲಿಗೆ ಬಂದ ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್, ಅಲ್ಲಿ ಆಪರೇಷನ್‌ಗಳು ಅತಿಯಾಗಿ ಲಂಬಿಸುವುದನ್ನೂ ಮಕ್ಕಳ ಸಾವು ಹೆಚ್ಚಿರುವುದನ್ನೂ ಗಮನಿಸಿದರು. 1990ರಲ್ಲಿ ರಾಯ್ಲೆನ್ಸ್‌ಗೆ ಪತ್ರ ಬರೆದರು, ಅಂಕಿಅಂಶ ಕೂಡಿಹಾಕಿದರು. ಸರ್ಜನ್ ಮೇಲಿನ ದೂರನ್ನು ಕೇಳಬೇಕಾದ ಕುರ್ಚಿಯಲ್ಲಿ ಅದೇ ಸರ್ಜನ್ ಕೂತಿದ್ದರು. 1995ರವರೆಗೂ ಅದೇ ನಡೆಯಿತು.

ಇಯಾನ್ ಕೆನಡಿ ನೇತೃತ್ವದ ವಿಚಾರಣಾ ವರದಿ 2001ರಲ್ಲಿ ಬಂತು. 1991ರಿಂದ 1995ರ ನಡುವೆ, ಒಂದು ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾಗಿ ನಿರೀಕ್ಷಿಸುವುದಕ್ಕಿಂತ 30ರಿಂದ 35 ಮಕ್ಕಳು ಹೆಚ್ಚು ಸತ್ತರು ಎಂದಿತು ಅದು. ಅದಕ್ಕೂ ಮುಂಚೆ, 1998ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಪರಿಷತ್ತು ವಿಶಾರ್ಟ್ ಮತ್ತು ರಾಯ್ಲೆನ್ಸ್ ಇಬ್ಬರ ಹೆಸರನ್ನೂ ನೋಂದಣಿಯಿಂದ ತೆಗೆದುಹಾಕಿತು. ಇದರಲ್ಲಿ ರಾಯ್ಲೆನ್ಸ್ ಪ್ರಕರಣವನ್ನು ಆಸ್ಪತ್ರೆಗಳ ಆಡಳಿತ ವಹಿಸಿಕೊಳ್ಳುವ ಪ್ರತಿ ವೈದ್ಯರೂ ಓದಬೇಕು. ಅವರು ಆ ಮಕ್ಕಳಲ್ಲಿ ಯಾರಿಗೂ ಶಸ್ತ್ರಚಿಕಿತ್ಸೆ ಮಾಡಿದವರಲ್ಲ. ತಿಳಿದೂ ಮಧ್ಯೆ ಪ್ರವೇಶಿಸದೆ ಇದ್ದದ್ದೇ ಅವರ ಮೇಲೆ ಬಂದ ದೋಷ.

ಇವರೆಲ್ಲ ಕೆಟ್ಟವರು, ಮಕ್ಕಳ ಮೇಲೆ ಅಕ್ಕರೆಯಿಲ್ಲದವರು ಎಂದು ಆ ವರದಿ ಹೇಳಲಿಲ್ಲ. ಶ್ರದ್ಧೆಯಿಂದ ದುಡಿದವರೇ. ಆದರೆ ಒಳಗಿನ ಕೂಟದವರ ಮಾತಿಗೆ ಮಾತ್ರ ಬೆಲೆಯಿದ್ದ, ಹೊರಗಿನವರ ಪ್ರಶ್ನೆ ದ್ರೋಹವೆನಿಸುತ್ತಿದ್ದ ವಾತಾವರಣ ಅಲ್ಲಿತ್ತು. ನಮ್ಮಲ್ಲಿ ಗುರುಶಿಷ್ಯ ಸಂಬಂಧದ ಗೌರವವೂ ಇದಕ್ಕೆ ಸೇರುತ್ತದೆ. ತನಗೆ ಚಾಕು ಹಿಡಿಯಲು ಕಲಿಸಿದ ಸರ್‌ಗೆ, 'ಸರ್, ಈ ಆಪರೇಷನ್ ಇನ್ನು ನೀವು ಮಾಡುವುದು ಬೇಡ' ಎಂದು ಹೇಳಬೇಕಾದ ದಿನ ವಿಭಾಗದ ಮುಖ್ಯಸ್ಥರಿಗೆ ಬಂದೇ ಬರುತ್ತದೆ. ಆ ಮಾತನ್ನು ಗೌರವದಿಂದ, ಆದರೆ ತಪ್ಪದೆ ಹೇಳುವ ತಾಕತ್ತು ಬೇರೆಯೇ ಕೌಶಲ. ಆಪರೇಷನ್ ಟೇಬಲ್ ಮೇಲೆ ಅದು ಬರುವುದಿಲ್ಲ. ಸೇವಾ ಜ್ಯೇಷ್ಠತೆಯ ಪಟ್ಟಿ ನೋಡಿ ಸೂಪರಿಂಟೆಂಡೆಂಟ್ ಮಾಡುವಾಗ ಈ ತಾಕತ್ತನ್ನು ಯಾರೂ ಅಳೆಯುವುದಿಲ್ಲ, ಅದಕ್ಕೆ ತರಬೇತಿಯನ್ನೂ ಕೊಡುವುದಿಲ್ಲ. ಇಂದು ಸರ್ಜನ್, ನಾಳೆ ಆಡಳಿತಗಾರ. ಕನಿಷ್ಠ ಇಷ್ಟಾದರೂ ಆಗಬೇಕು: ಮುಖ್ಯಸ್ಥರ ಸ್ವಂತ ಫಲಿತಾಂಶಗಳನ್ನು ಅವರ ಕೈಕೆಳಗಿಲ್ಲದವರು ಪರಿಶೀಲಿಸಬೇಕು.

ತಪ್ಪು ಕಲ್ಪನೆ: ಸಹವೈದ್ಯರ ಸಮಿತಿ ಇದ್ದರೆ ನ್ಯಾಯ ಸಿಕ್ಕೇ ಸಿಗುತ್ತದೆ.

ವ್ಯವಸ್ಥೆಯ ಪರ ವಾದಿಸುವವರು ಇದನ್ನು ಮುಚ್ಚಿಡಬಾರದು: ಇದೇ ಅಸ್ತ್ರವನ್ನು ಪ್ರತಿಸ್ಪರ್ಧಿಯ ಮೇಲೂ ಪ್ರಯೋಗಿಸಬಹುದು. ಒರೆಗಾನ್‌ನ ಅಸ್ಟೋರಿಯಾ ಊರಲ್ಲಿ ಟಿಮೊಥಿ ಪ್ಯಾಟ್ರಿಕ್ ಎಂಬ ಸರ್ಜನ್ ಸ್ಥಳೀಯ ಕ್ಲಿನಿಕ್ ಬಿಟ್ಟು ಸ್ವಂತ ಪ್ರಾಕ್ಟೀಸ್ ಆರಂಭಿಸಿದರು. ಊರಿಗಿದ್ದ ಒಂದೇ ಆಸ್ಪತ್ರೆಯ ವೈದ್ಯರಲ್ಲಿ ಬಹುಪಾಲು ಅದೇ ಕ್ಲಿನಿಕ್‌ನವರು. ಅವರೇ ವಿಚಾರಣೆ ಆರಂಭಿಸಿ, ಆಸ್ಪತ್ರೆಯಲ್ಲಿ ಪ್ಯಾಟ್ರಿಕ್‌ಗಿದ್ದ ಅನುಮತಿ ಕಸಿಯಲು ಹೊರಟರು. ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು; 1988ರಲ್ಲಿ ನ್ಯಾಯಾಲಯ, ಸಹವೈದ್ಯರ ವಿಚಾರಣೆ ಎಂಬ ಹೆಸರು ಸ್ಪರ್ಧೆಯ ಕಾನೂನಿನಿಂದ ಆ ವೈದ್ಯರಿಗೆ ರಕ್ಷಣೆ ಕೊಡುವುದಿಲ್ಲವೆಂದಿತು.

ನಮ್ಮ ಸಣ್ಣ ಊರುಗಳಲ್ಲೂ ಇಬ್ಬರೇ ಪ್ರಸೂತಿ ತಜ್ಞರಿದ್ದರೆ ಒಬ್ಬರ ಅನುಮತಿಯನ್ನು ಇನ್ನೊಬ್ಬರು ನಿರ್ಧರಿಸುವುದು ಸರಿಯಲ್ಲ. ಹೊರ ಊರಿನ ತಜ್ಞರನ್ನು ಸಮಿತಿಗೆ ಕರೆಯಬೇಕು. ಆಕ್ಷೇಪವನ್ನು ಬರಹದಲ್ಲಿ ಕೊಡಬೇಕು, ಉತ್ತರಿಸಲು ಕಾಲಾವಕಾಶವಿರಬೇಕು, ಮೇಲ್ಮನವಿಗೆ ದಾರಿಯಿರಬೇಕು. ಸಮಿತಿಯ ಮುಂದೆ ಬರುವ ಬಹುಪಾಲು ವೈದ್ಯರಿಗೆ ಬೇಕಾಗುವುದು ಶಿಕ್ಷೆಯಲ್ಲ. ಕೆಲವು ತಿಂಗಳ ಮೇಲ್ವಿಚಾರಣೆ, ಒಂದಿಷ್ಟು ಮರುತರಬೇತಿ, ಕೆಲವೊಮ್ಮೆ ರಜೆ.

ತಪ್ಪು ಕಲ್ಪನೆ: ಇದು ಡಾಕ್ಟರುಗಳ ಒಳಗಿನ ವಿಷಯ, ರೋಗಿ ಕೇಳುವಂತಿಲ್ಲ.

ಕೇಳಬಹುದು. ವೈದ್ಯರು ನೋಂದಣಿ ಸಂಖ್ಯೆಯನ್ನು ಕ್ಲಿನಿಕ್‌ನಲ್ಲಿ ಪ್ರದರ್ಶಿಸಬೇಕು, ಚೀಟಿಯ ಮೇಲೂ ನಮೂದಿಸಬೇಕು ಎನ್ನುತ್ತದೆ 2002ರ ನಿಯಮಾವಳಿ. ಆ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಿ, ಹೆಸರು ಮತ್ತು ಪದವಿ ತಾಳೆಯಾಗುತ್ತವೆಯೇ ನೋಡಬಹುದು. ಉಳಿದದ್ದನ್ನು ಆಸ್ಪತ್ರೆಯನ್ನೇ ಕೇಳಬೇಕು. ಈ ಆಪರೇಷನ್ ಇಲ್ಲಿ ಆಗಾಗ ನಡೆಯುತ್ತದೆಯೇ, ಇದನ್ನು ಮಾಡಲು ಈ ಡಾಕ್ಟರಿಗೆ ಆಸ್ಪತ್ರೆ ಅನುಮತಿ ಕೊಟ್ಟಿದೆಯೇ, ಅರಿವಳಿಕೆ ಕೊಡುವವರು ಯಾರು, ರಾತ್ರಿ ತೊಂದರೆಯಾದರೆ ಸರ್ಜನ್ ಎಷ್ಟು ಹೊತ್ತಿಗೆ ಬಂದು ತಲುಪುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ಹಿಂದಿನ ದಿನವೇ ಕೇಳುವುದು ಒಳ್ಳೆಯದು. ಸ್ಟ್ರೆಚರ್ ಮೇಲೆ ಮಲಗಿದ ಮೇಲೆ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.